ಕಾಯಿಲೆಯ ಜಾಡು ವಂಶಾವಳಿಯಲ್ಲಿ

ಪ್ರಶ್ನೆ: ಮಗಳು ವೈದ್ಯಕೀಯ ಮಾನವಶಾಸ್ತ್ರ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ರೋಗ ಅಂದ್ರೆ ಡಾಕ್ಟರು, ಲ್ಯಾಬು, ಔಷಧ. ಜನರ ಆಚಾರ ವಿಚಾರ ಓದಿದವರಿಗೆ ಅಲ್ಲೇನು ಕೆಲಸ?

ಉತ್ತರ: ತರಗತಿಯಲ್ಲಿ ಯಾರಾದರೂ ಇದನ್ನು ಕೇಳಿದರೆ ನಾನು ‘ಕುರು’ ಕಾಯಿಲೆಯ ಕಥೆ ಹೇಳುತ್ತೇನೆ. ನಿಮಗೂ ಅದನ್ನೇ ಹೇಳುತ್ತೇನೆ.

ಪಪುವಾ ನ್ಯೂಗಿನಿಯ ಪೂರ್ವದ ಬೆಟ್ಟಸೀಮೆಯಲ್ಲಿ ಫೋರೆ ಎಂಬ ಜನರಿದ್ದಾರೆ. 1950ರ ದಶಕದಲ್ಲಿ ಅಲ್ಲಿನ ಹೆಂಗಸರು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದರು. ಮೊದಮೊದಲು ನಡಿಗೆ ತಪ್ಪುತ್ತದೆ, ಕೋಲು ಬೇಕಾಗುತ್ತದೆ. ಆಮೇಲೆ ಮೈಯೆಲ್ಲ ನಡುಕ. ಕೂರಲಾಗದು, ಕೊನೆಗೆ ನುಂಗಲೂ ಆಗದು. ಸಾಮಾನ್ಯವಾಗಿ ವರ್ಷದೊಳಗೆ ಸಾವು. ಮಕ್ಕಳಿಗೂ ಬರುತ್ತಿತ್ತು. ಬೆಳೆದ ಗಂಡಸರು ಮಾತ್ರ ಬಹುಪಾಲು ಪಾರಾಗುತ್ತಿದ್ದರು. ಎಷ್ಟೋ ಮನೆಗಳಲ್ಲಿ ಎಳೆ ಮಕ್ಕಳನ್ನು ಅಪ್ಪನೇ ಸಾಕಬೇಕಾಯಿತು.

ಡಾಕ್ಟರುಗಳಿಗೆ ಸೋಂಕಿನ ಗುರುತೇ ಸಿಗಲಿಲ್ಲ. ಸಂಬಂಧಿಕರಲ್ಲೇ ಜಾಸ್ತಿ ಬರುತ್ತದಲ್ಲ, ಹಾಗಾದರೆ ವಂಶವಾಹಿಯ ದೋಷ ಇರಬೇಕು ಎಂಬ ವಾದ ಹುಟ್ಟಿತು.

1961ರಲ್ಲಿ ಶರ್ಲಿ ಲಿಂಡೆನ್‌ಬಾಮ್ ಮತ್ತು ರಾಬರ್ಟ್ ಗ್ಲಾಸ್ ಎಂಬ ಮಾನವಶಾಸ್ತ್ರಜ್ಞರು ಅಲ್ಲಿಗೆ ಹೋದರು. ಮನೆಮನೆಯ ವಂಶಾವಳಿ ಬರೆದುಕೊಂಡರು. ತಾಯಿ ಹೇಗೆ ತೀರಿಕೊಂಡರು? ಅಜ್ಜಿ? ಕುರು ಮೊದಲು ಬಂದದ್ದು ಯಾವ ಊರಿಗೆ? ಹಿರಿಯರಿಗೆ ಎಲ್ಲ ನೆನಪಿತ್ತು. ಕಾಯಿಲೆ ಅವರ ಕಣ್ಣೆದುರೇ ಊರಿಂದ ಊರಿಗೆ ಬಂದಿತ್ತು. ವಂಶವಾಹಿಯ ದೋಷ ಇಷ್ಟು ಬೇಗ ಹಬ್ಬಲು ಸಾಧ್ಯವೇ ಇಲ್ಲ, ಅಲ್ವಾ?

ಜೊತೆಗೆ ಇನ್ನೊಂದು ಸಂಗತಿ. ತೀರಿಕೊಂಡ ಬಂಧುವಿನ ದೇಹವನ್ನು ತಿನ್ನುವುದು ಫೋರೆ ಜನರ ಶೋಕಾಚರಣೆಯ ಭಾಗವಾಗಿತ್ತು. ಮಿದುಳು ಸಿಗುತ್ತಿದ್ದದ್ದು ಹೆಂಗಸರು ಮಕ್ಕಳಿಗೆ. ಗಂಡಸರು ಹೆಚ್ಚಾಗಿ ದೂರವೇ ಇರುತ್ತಿದ್ದರು. ಹೇಸಿಗೆ ಅನ್ನಿಸಿತೇ? ತಮ್ಮವರ ದೇಹವನ್ನು ಹುಳಗಳಿಗೆ ಬಿಡುವುದೇ ಅವರಿಗೆ ಹೇಸಿಗೆ. ಸಾವಿನ ಲೆಕ್ಕ, ತಿಂದವರ ಲೆಕ್ಕ ಎರಡೂ ತಾಳೆಯಾದವು. 1966ರಲ್ಲಿ ಕುರು ಚಿಂಪಾಂಜಿಗೂ ಅಂಟುತ್ತದೆ ಎಂದು ಗೊತ್ತಾಯಿತು. ಕಾಯಿಲೆಗೆ ಕಾರಣ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ಎಂದು ಆಮೇಲೆ ತಿಳಿಯಿತು. ಆ ಪದ್ಧತಿ ನಿಂತ ಮೇಲೆ ಹುಟ್ಟಿದವರಿಗೆ ಕಾಯಿಲೆ ಬರಲಿಲ್ಲ. ಮೊದಲೇ ತಿಂದವರಲ್ಲಿ ಕೆಲವರಿಗೆ 40 ವರ್ಷ ಕಳೆದ ಮೇಲೂ ಬಂತು.

ಕುರು ಸಂಶೋಧನೆಗೆ 1976ರ ವೈದ್ಯಕೀಯ ನೊಬೆಲ್‌ನ ಪಾಲು ಡಾಕ್ಟರ್ ಕಾರ್ಲ್‌ಟನ್ ಗಾಜ್ಡುಸೆಕ್‌ಗೆ ಹೋಯಿತು. ವಂಶಾವಳಿ ಬರೆದವರ ಹೆಸರು ಎಷ್ಟು ಜನಕ್ಕೆ ಗೊತ್ತು? ಇದು ನನ್ನ ಹಳೇ ತಕರಾರು.

ಫೋರೆ ಜನ ಇದನ್ನು ಮಾಟ ಎಂದೇ ನಂಬಿದ್ದರು. ದೊಡ್ಡ ಸಭೆ ಸೇರಿಸಿ, ಮಾಟ ಮಾಡುವವರು ಯಾರೇ ಇರಲಿ, ನಿಲ್ಲಿಸಿ ಅಂತ ಬೇಡಿಕೊಂಡರು. ನಗುವುದು ಸುಲಭ. ಆದರೆ ‘ನನ್ನ ಹೆಂಡತಿಗೇ ಯಾಕೆ?’ ಅನ್ನುವವನಿಗೆ ಪ್ರಿಯಾನ್ ಅಂದರೆ ಸಮಾಧಾನ ಆದೀತೇ? ರೋಗಿ ಏನು ನಂಬಿದ್ದಾನೆ ಅಂತ ತಿಳಿಯದೆ ಕೊಟ್ಟ ಸಲಹೆ ಎಷ್ಟೋ ಸಲ ಸುಮ್ನೆ ವ್ಯರ್ಥ.

ಓದಲಿ ಬಿಡಿ. ಆದರೆ ಹೊಸ ಭಾಷೆ ಕಲಿತು, ವರ್ಷಗಟ್ಟಲೆ ಅಪರಿಚಿತರ ನಡುವೆ ಇರಲು ತಯಾರಿದ್ದಾಳಾ, ಕೇಳಿ. ಸಂಖ್ಯಾಶಾಸ್ತ್ರವನ್ನೂ ಬಿಡಬಾರದು ಅಂತ ಹೇಳಿ.