ಓದುಗರ ಪ್ರಶ್ನೆ: ದ್ವೇಷದ ಪ್ರಚಾರ ಹೇಗೆ ಕೆಲಸ ಮಾಡುತ್ತದೆ?

ಪ್ರಶ್ನೆ: ರುವಾಂಡಾದ ನರಮೇಧಕ್ಕೆ ಒಂದು ರೇಡಿಯೊ ಕೇಂದ್ರ ಕಾರಣ ಎಂದು ಓದಿದ್ದೇನೆ. ಬರೀ ಮಾತು ಕೇಳಿ ಜನ ನೆರೆಮನೆಯವರನ್ನು ಕೊಲ್ಲುತ್ತಾರೆಯೇ?
– ಓದುಗರು, ಹಾಸನ

ಉತ್ತರ: ರೇಡಿಯೊ ಒಂದೇ ಕಾರಣವಲ್ಲ, ಆದರೆ ಅದರ ಪಾಲು ಸಣ್ಣದೂ ಅಲ್ಲ. ಆರ್‌ಟಿಎಲ್‌ಎಂ ಎಂಬ ಆ ಖಾಸಗಿ ಕೇಂದ್ರ ಶುರುವಾದದ್ದು 1993ರ ಜುಲೈನಲ್ಲಿ. ಸರ್ಕಾರಿ ರೇಡಿಯೊದ ಬಿಗುಮಾನ ಅದಕ್ಕಿರಲಿಲ್ಲ. ಕಾಂಗೋದ ಕುಣಿತದ ಹಾಡು, ಬೀದಿ ಹರಟೆ, ತಮಾಷೆ, ನಡುನಡುವೆ ಅಲ್ಪಸಂಖ್ಯಾತ ಟುಟ್ಸಿಗಳ ಮೇಲೆ ವಿಷ. ಕಾರುತ್ತಿದ್ದವರು ಬಹುಸಂಖ್ಯಾತ ಹುಟುಗಳಲ್ಲಿನ ತೀವ್ರವಾದಿಗಳು. ಹುಡುಗರು ಹಾಡಿಗೆಂದೇ ರೇಡಿಯೊ ಹಾಕುತ್ತಿದ್ದರು.

ವಿಷ ಏರಿಸಿದ ಕ್ರಮ ಗಮನಿಸಿ. 1960ರ ದಶಕದಲ್ಲಿ ಗಡಿಯಾಚೆಯಿಂದ ದಾಳಿ ಮಾಡುತ್ತಿದ್ದ ಟುಟ್ಸಿ ಬಂಡುಕೋರರಿಗೆ ‘ಇನ್ಯೆಂಜಿ’, ಅಂದರೆ ಜಿರಲೆ, ಎಂಬ ಹೆಸರಿತ್ತು. 1990ರ ಅಕ್ಟೋಬರಿನಲ್ಲಿ ಉಗಾಂಡಾ ಕಡೆಯಿಂದ ಮತ್ತೆ ದಾಳಿಯಾದ ಮೇಲೆ ಕೋವಿ ಹಿಡಿದವರಿಗಿದ್ದ ಆ ಹೆಸರನ್ನು ಅಂಗಡಿಯವರು, ಮೇಷ್ಟ್ರು, ತೊಟ್ಟಿಲ ಕೂಸು ಎನ್ನದೆ ಎಲ್ಲ ಟುಟ್ಸಿಗಳಿಗೂ ಅಂಟಿಸಿದರು. ಅದರ ಜೊತೆಗೇ ‘ಅವರು ನಮ್ಮನ್ನು ನಿರ್ನಾಮ ಮಾಡಲು ಹೊರಟಿದ್ದಾರೆ’ ಎಂಬ ಹುಯಿಲು. ಎರಡರಲ್ಲಿ ಇದೇ ಹೆಚ್ಚು ಅಪಾಯದ್ದು. ಜಿರಲೆ ಎಂದಾಗ ಹೇಸಿಗೆ ಹುಟ್ಟುತ್ತದೆ. ನಮ್ಮನ್ನೇ ಮುಗಿಸುತ್ತಾರೆ ಎಂದಾಗ ಕೊಲೆಯೂ ಆತ್ಮರಕ್ಷಣೆಯಂತೆ ಕಾಣತೊಡಗುತ್ತದೆ.

1994ರ ಏಪ್ರಿಲ್ 6ರಂದು ಹುಟು ಸಮುದಾಯದ ಅಧ್ಯಕ್ಷ ಹಬ್ಯಾರಿಮಾನ ಇದ್ದ ವಿಮಾನವನ್ನು ಹೊಡೆದುರುಳಿಸಲಾಯಿತು. ಅದರ ಬೆನ್ನಿಗೇ ಟುಟ್ಸಿಗಳ ಕೊಲೆ ಶುರುವಾಯಿತು. ರೇಡಿಯೊದಲ್ಲಿ ಹೆಸರು, ಅಡಗಿದ ಜಾಗ, ಗಾಡಿ ನಂಬರುಗಳನ್ನೇ ಓದಿದರು. ರಸ್ತೆತಡೆಗಳಲ್ಲಿ ಗುರುತಿನ ಚೀಟಿ ನೋಡುತ್ತಿದ್ದರು. ಬೆಲ್ಜಿಯಂ ಆಳ್ವಿಕೆಯ 1930ರ ದಶಕದಿಂದಲೂ ಅದರಲ್ಲಿ ಜನಾಂಗ ನಮೂದಾಗಿರುತ್ತಿತ್ತು. ಸುಮಾರು 100 ದಿನಗಳಲ್ಲಿ ಸತ್ತವರು ಐದರಿಂದ ಎಂಟು ಲಕ್ಷ ಎಂಬುದು ಹೆಚ್ಚಿನವರ ಅಂದಾಜು.

ರುವಾಂಡಾ ಗುಡ್ಡಗಳ ನಾಡು. ಗುಡ್ಡ ಅಡ್ಡವಿದ್ದ ಹಳ್ಳಿಗಳಿಗೆ ಪ್ರಸಾರ ಸರಿಯಾಗಿ ತಲುಪುತ್ತಿರಲಿಲ್ಲ. ಅಂಥ ಹಳ್ಳಿಗಳನ್ನು ಪ್ರಸಾರ ಕೇಳಿಸುತ್ತಿದ್ದ ಹಳ್ಳಿಗಳೊಂದಿಗೆ ಹೋಲಿಸಿದ ಅರ್ಥಶಾಸ್ತ್ರಜ್ಞ ಡೇವಿಡ್ ಯಾನಗಿಜಾವಾ-ಡ್ರಾಟ್, ಹಿಂಸೆಯಲ್ಲಿ ಭಾಗವಹಿಸಿದವರಲ್ಲಿ ಶೇ 10ರಷ್ಟು ಜನ ಈ ಪ್ರಸಾರದಿಂದಾಗಿ ಸೇರಿದವರು ಎಂದು 2014ರಲ್ಲಿ ಲೆಕ್ಕ ಹಾಕಿದರು. ಶಿಕ್ಷೆಗೊಳಗಾದ 210 ಜನರನ್ನು ಮಾತನಾಡಿಸಿದ ರಾಜ್ಯಶಾಸ್ತ್ರಜ್ಞ ಸ್ಕಾಟ್ ಸ್ಟ್ರಾಸ್ ಅವರಿಗೆ ಕಂಡದ್ದು ಬೇರೆ: ಬಹಳಷ್ಟು ಮಂದಿಯನ್ನು ಕರೆದೊಯ್ದವರು ಊರಿನ ಮುಖಂಡರು, ಅಕ್ಕಪಕ್ಕದವರು. ನಮಗೆ ಇವೆರಡೂ ಒಂದನ್ನೊಂದು ಸುಳ್ಳು ಮಾಡುವಂತೆ ಕಾಣುವುದಿಲ್ಲ. ಬಾಗಿಲಿಗೆ ಬಂದು ಕರೆದವರ ಧೈರ್ಯಕ್ಕೆ ರೇಡಿಯೊ ಹಿಂಬಲವಾಗಿತ್ತು.

ಪ್ರಶ್ನೆ: ಹೀಗೆ ಮಾತಾಡಿದವರಿಗೆ ಶಿಕ್ಷೆಯಾಯಿತೇ?
– ಓದುಗರು, ಧಾರವಾಡ

ಉತ್ತರ: ಆಯಿತು. ತಾಂಜಾನಿಯಾದ ಅರೂಷಾದಲ್ಲಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಕೇಂದ್ರದ ಸ್ಥಾಪಕರಾದ ನಹಿಮಾನಾ, ಬರಯಾಗ್ವಿಜಾ ಮತ್ತು ಟುಟ್ಸಿ ದ್ವೇಷ ಹರಡುತ್ತಿದ್ದ ‘ಕಂಗೂರಾ’ ಪತ್ರಿಕೆಯ ಸಂಪಾದಕ ಎಂಗೆಜೆ ತಪ್ಪಿತಸ್ಥರೆಂದಿತು. 2007ರ ಮೇಲ್ಮನವಿಯ ಬಳಿಕ ಶಿಕ್ಷೆ ಕ್ರಮವಾಗಿ 30, 32, 35 ವರ್ಷಕ್ಕೆ ಇಳಿಯಿತು. ಮೇಲ್ಮನವಿಯಲ್ಲಿ ರೇಡಿಯೊದ ಮಟ್ಟಿಗೆ ನಿಂತದ್ದು ಏಪ್ರಿಲ್ 6ರ ನಂತರದ ಪ್ರಸಾರಗಳು ಮಾತ್ರ. ಅದಕ್ಕೂ ಮೊದಲಿನ ಒಂಬತ್ತು ತಿಂಗಳ ಮಾತು ನರಮೇಧಕ್ಕೆ ನೇರ ಕರೆ ಎಂದು ಸಾಬೀತಾಗಲಿಲ್ಲ. ನೆಲ ಹದವಾದದ್ದು ಆ ಒಂಬತ್ತು ತಿಂಗಳಲ್ಲೇ. ಕಾನೂನಿನ ಕೈಗೆ ಸಿಗುವುದು ಕೊನೆಯ ಹಂತ.

ಪ್ರಶ್ನೆ: ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದೊಡ್ಡಪ್ಪ ಒಂದು ಸಮುದಾಯದವರನ್ನು ಹುಳು, ರೋಗ ಎನ್ನುವ ಫಾರ್ವರ್ಡ್‌ಗಳನ್ನು ಹಾಕುತ್ತಾರೆ. ಎದುರಾಡಿದರೆ ಜಗಳ. ಸುಮ್ಮನಿದ್ದರೆ ಆಗದೇ?
– ಹೆಸರು ಬೇಡವೆಂದವರು, ದಾವಣಗೆರೆ

ಉತ್ತರ: ಸುಮ್ಮನಿರಬೇಡಿ. ದೊಡ್ಡಪ್ಪನವರ ಮನಸ್ಸು ಬದಲಾಗಲಿಕ್ಕಿಲ್ಲ. ನೀವು ಬರೆಯಬೇಕಾದದ್ದು ಓದಿ ಸುಮ್ಮನಾಗುವ ಉಳಿದವರಿಗಾಗಿ. 2004ರಲ್ಲಿ ರುವಾಂಡಾದಲ್ಲೇ ‘ಮುಸೆಕೆವೆಯಾ’ ಎಂಬ ರೇಡಿಯೊ ನಾಟಕ ಸಾಮರಸ್ಯಕ್ಕೆಂದು ಶುರುವಾಯಿತು. ಕೆಲವು ಗುಂಪುಗಳಿಗೆ ಅದನ್ನೂ ಉಳಿದವಕ್ಕೆ ಆರೋಗ್ಯದ ನಾಟಕವನ್ನೂ ಒಂದು ವರ್ಷ ಕೇಳಿಸಿ ಮನಶ್ಶಾಸ್ತ್ರಜ್ಞೆ ಬೆಟ್ಸಿ ಪಾಲುಕ್ ಪರೀಕ್ಷಿಸಿದರು. ಕೇಳುಗರ ಸ್ವಂತ ನಂಬಿಕೆ ಅಷ್ಟೇನೂ ಬದಲಾಗಿರಲಿಲ್ಲ. ‘ನಮ್ಮವರು ಯಾವುದನ್ನು ಒಪ್ಪುತ್ತಾರೆ’ ಎಂಬ ಅಂದಾಜು ಬದಲಾಗಿತ್ತು. ಕೊನೆಗೆ ಪ್ರತಿ ಗುಂಪಿಗೂ ಒಂದು ಟೇಪ್ ರೆಕಾರ್ಡರ್, ಕ್ಯಾಸೆಟ್ಟುಗಳನ್ನು ಕೊಟ್ಟರು. ಆರೋಗ್ಯದ ನಾಟಕ ಕೇಳಿದವರಲ್ಲಿ ಹೆಚ್ಚಿನವರು ಊರಿನ ಮುಖಂಡನೇ ಇಟ್ಟುಕೊಳ್ಳಲಿ ಎಂದು ತಲೆಯಾಡಿಸಿದರು. ಸಾಮರಸ್ಯದ ನಾಟಕ ಕೇಳಿದವರು ಎದ್ದು ನಿಂತು ಬೇಡ ಎಂದರು, ವಾದಿಸಿದರು, ಎಲ್ಲರೂ ಸೇರಿ ನೋಡಿಕೊಳ್ಳೋಣ ಎಂದರು. ಮೌನವನ್ನು ಒಪ್ಪಿಗೆ ಎಂದು ಓದುವುದು ನಿಮ್ಮ ಗ್ರೂಪಿನಲ್ಲೂ ನಡೆಯುತ್ತಿದೆ.

ಅದೇ ದಿನ, ಗ್ರೂಪಿನಲ್ಲೇ, ಒಂದೇ ಸಂದೇಶ: ‘ದೊಡ್ಡಪ್ಪ, ಮನುಷ್ಯರನ್ನು ಹುಳು ಅನ್ನೋದು ನಂಗೆ ಸರಿ ಕಾಣ್ಲಿಲ್ಲ. ಇಂಥದ್ದು ಇಲ್ಲಿ ಬೇಡ.’ ಮೂಲ ಚಿತ್ರವನ್ನು ಒತ್ತಿ ರಿಪ್ಲೈ ಮಾಡಬೇಡಿ, ಅದು ಮತ್ತೆ ಮೇಲೆ ಬರುತ್ತದೆ. ಸುಳ್ಳು ಅಂಕಿಯಿದ್ದರೆ ನಿಜವನ್ನು ಮೊದಲು ಬರೆಯಿರಿ. ಸುಳ್ಳನ್ನು ಪೂರ್ತಿ ಉದ್ಧರಿಸಿ ಅಲ್ಲಗಳೆದರೆ ಜನರ ನೆನಪಿನಲ್ಲಿ ಉಳಿಯುವುದು ಸುಳ್ಳೇ ಇರಬಹುದು. ಬರೆಯುವ ಮುಂಚೆ ಇದು ಹಿಡಿಸದ ಅಕ್ಕನಿಗೋ ಭಾವನಿಗೋ ಫೋನ್ ಮಾಡಿ, ಕೆಳಗೆ ಒಂದು ಸಾಲು ಸೇರಿಸಲು ಹೇಳಿ. ಒಬ್ಬರೇ ಬರೆದರೆ ತಲೆಹರಟೆ ಎನ್ನಿಸಿಕೊಳ್ಳುತ್ತೀರಿ, ಇಬ್ಬರಾದರೆ ಉಳಿದವರು ಯೋಚಿಸುತ್ತಾರೆ. ದೊಡ್ಡಪ್ಪ ಸಿಟ್ಟಾಗಿ ಉತ್ತರಿಸಿದರೆ ಗ್ರೂಪಿನಲ್ಲಿ ಮುಂದುವರಿಸದೆ ಮನೆಗೆ ಹೋಗಿ ಮಾತಾಡಿ.

ಸಂದೇಶದಲ್ಲಿ ಹೊಡೆಯಿರಿ ಎಂಬ ಕರೆಯೋ, ಯಾರದಾದರೂ ಮನೆ, ಅಂಗಡಿಯ ವಿಳಾಸವೋ ಇದ್ದರೆ ಅದು ಮನೆಯ ಮಾತಲ್ಲ. ಕಳುಹಿಸಿದ ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಎಚ್ಚರಿಸಲೆಂದೂ ಯಾರಿಗೂ ಫಾರ್ವರ್ಡ್ ಮಾಡಬೇಡಿ, 112ಕ್ಕೆ ಕರೆ ಮಾಡಿ ಅಥವಾ ಠಾಣೆಗೆ ಕೊಡಿ. ಸಮುದಾಯಗಳ ನಡುವೆ ವೈರ ಬೆಳೆಸುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಹಳೆಯ ಐಪಿಸಿಯಲ್ಲಿ ಇದು 153ಎ ಆಗಿತ್ತು.