ಓಕ್ ಚೌಕಟ್ಟಿನ ಮನೆಗೆ ಸಿಮೆಂಟ್ ಹಾಕಬಹುದೇ?

ಪ್ರಶ್ನೆ: ಇಂಗ್ಲೆಂಡಿನ ಸಸೆಕ್ಸ್‌ನ ಹಳ್ಳಿಯೊಂದರಲ್ಲಿ ಮರದ ಚೌಕಟ್ಟಿನ ಹಳೇ ಮನೆ ಕೊಂಡಿದ್ದೇವೆ. ಹಿಂದಿನವರು ಮಾಡಿಸಿದ ಸಿಮೆಂಟ್ ಗಾರೆ ಬಿರುಕು ಬಿಟ್ಟು, ಬುಡದ ತೊಲೆ ಮೆತ್ತಗಾಗಿದೆ. ಮೇಲೆ ಮತ್ತೊಮ್ಮೆ ಸಿಮೆಂಟ್ ಬಳಿಸಬಹುದೇ? ಚಾವಣಿಯ ಮರಗಳಿಗೆ ಮಸಿ ಹಿಡಿದಿದೆ. ಬೆಂಕಿ ಬಿದ್ದಿತ್ತೇ?

ಉತ್ತರ: ಸಿಮೆಂಟ್ ಖಂಡಿತ ಬೇಡ. ಇಂಥ ಮನೆಯ ಭಾರ ಹೊರುವುದು ಓಕ್ ಚೌಕಟ್ಟು. ಹಸಿ ಮರದಲ್ಲೇ ಕೆಲಸ ಮಾಡುತ್ತಿದ್ದ ಬಡಗಿಗಳು ಒಂದು ತೊಲೆಯ ನಾಲಿಗೆಯನ್ನು ಇನ್ನೊಂದರ ಕಂಡಿಗೆ ಕೂರಿಸಿ ಓಕ್ ಗೂಟ ಜಡಿಯುತ್ತಿದ್ದರು. ಎರಡರ ತೂತುಗಳನ್ನು ಬೇಕೆಂದೇ ತುಸು ಆಚೀಚೆ ಕೊರೆದಿರುವುದರಿಂದ ಗೂಟ ಇಳಿದಷ್ಟೂ ಜೋಡಣೆ ಬಿಗಿಯಾಗುತ್ತದೆ. ಮರ ಒಣಗುತ್ತಾ ಡೊಂಕಾಗುವುದು ಸಹಜ. ಕಂಬಗಳ ನಡುವೆ ಹೇಜಲ್ ಕಡ್ಡಿಯ ತಟ್ಟಿ ಹೆಣೆದು, ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿ, ಸುಣ್ಣ ಬಳಿಯುತ್ತಿದ್ದರು. ಆ ಗೋಡೆ ನೆನೆದರೂ ಒಣಗಿಕೊಳ್ಳುತ್ತದೆ. ಸಿಮೆಂಟ್ ಬಗ್ಗುವುದಿಲ್ಲ, ಮರ ಅಲುಗಿದಾಗ ಅಂಚು ಬಿಡುತ್ತದೆ, ಒಳಗಿಳಿದ ಮಳೆನೀರು ಹೊರಬರಲಾಗದೆ ಬುಡದ ತೊಲೆಯಲ್ಲಿ ನಿಲ್ಲುತ್ತದೆ. ಕೊಳೆತ ಓಕ್‌ಗೆ ಮರ ಕೊರೆಯುವ ಡೆತ್‌ವಾಚ್ ಹುಳು ಹತ್ತುತ್ತದೆ.

ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಮೊದಲು ಸ್ಥಳೀಯ ಕೌನ್ಸಿಲ್‌ನ ಒಪ್ಪಿಗೆ ಪಡೆಯಿರಿ. ಒಪ್ಪಿಗೆಯಿಲ್ಲದೆ ಬದಲಾಯಿಸುವುದು ಅಪರಾಧ. ಸಿಮೆಂಟನ್ನು ಉಳಿ, ಸುತ್ತಿಗೆಯಿಂದ ನಿಧಾನವಾಗಿ ಬಿಡಿಸಿ. ಯಂತ್ರ ಹಚ್ಚಿದರೆ ತಟ್ಟಿಯ ಮಣ್ಣೂ ಉದುರುತ್ತದೆ. ಹೊರಗಿನ ನೆಲ ತೊಲೆಗಿಂತ ಎತ್ತರವಿದ್ದರೆ ಮಣ್ಣು ತೆಗೆಯಿರಿ, ಇಲ್ಲದಿದ್ದರೆ ಉಳಿದ ಕೆಲಸವೆಲ್ಲ ವ್ಯರ್ಥ. ಗೋಡೆ ಚೆನ್ನಾಗಿ ಒಣಗಲಿ. ಕೊಳೆತ ಭಾಗವನ್ನಷ್ಟೇ ಕೊಯ್ದು ಹೊಸ ಓಕ್ ಬೆಸೆಯಬೇಕು. ಗಾರೆಗೆ 1 ಪಾಲು ಸುಣ್ಣದ ಮುದ್ದೆ, 3 ಪಾಲು ದಪ್ಪ ಮರಳು, ಬಿರುಕು ತಡೆಯಲು ಪ್ರಾಣಿಯ ಕೂದಲು. ಸುಮಾರು 10 ಮಿ.ಮೀ. ದಪ್ಪದ ಪದರ ಬಳಿದು, ಗೀರಿ, ಗಟ್ಟಿಯಾದ ಮೇಲೆ ಮುಂದಿನದು. ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿ ಹೊದಿಸಿ. ಚಳಿಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ಹಸಿ ಗಾರೆಯೊಳಗಿನ ನೀರು ಹೆಪ್ಪುಗಟ್ಟಿದರೆ ಪದರ ಕಳಚಿ ಬೀಳುತ್ತದೆ. ಕೊನೆಗೆ ಹಾಲಿನಷ್ಟು ತೆಳುವಾದ ಸುಣ್ಣವನ್ನು ನಾಲ್ಕೈದು ಸಲ ಬಳಿಯಿರಿ.

ಮಸಿ ಬಹುಶಃ ಒಲೆಯದು, ಬೆಂಕಿ ಅನಾಹುತದ್ದಲ್ಲ. ಮಧ್ಯಯುಗದ ಹಜಾರಗಳಿಗೆ ಚಿಮಣಿ ಇರಲಿಲ್ಲ. ನೆಲದ ನಡುವೆ ಉರಿಯುತ್ತಿದ್ದ ಬೆಂಕಿಯ ಹೊಗೆ ನೇರ ಚಾವಣಿಗೇರುತ್ತಿತ್ತು. ಚಿಮಣಿ, ಮಹಡಿ ಸೇರಿಸಿದ್ದು ಹೆಚ್ಚಾಗಿ 16ನೇ ಶತಮಾನದಿಂದೀಚೆಗೆ. ಮಸಿ ಮಧ್ಯದ ಅಂಕಣದಲ್ಲಿ ಮಾತ್ರ ಇದ್ದರೆ ತೆರೆದ ಹಜಾರ ಅಲ್ಲಿತ್ತು ಎಂದರ್ಥ. ಮನೆಯ ವಯಸ್ಸಿಗೆ ಅದೇ ಸಾಕ್ಷಿ, ದಯವಿಟ್ಟು ಉಜ್ಜಬೇಡಿ. ಇಂಥ ಹಜಾರ ನೋಡಲು ನಿಮ್ಮ ಸಸೆಕ್ಸ್‌ನಲ್ಲೇ ಇರುವ ಆಲ್ಫ್ರಿಸ್ಟನ್ ಕ್ಲರ್ಜಿ ಹೌಸ್‌ಗೆ ಹೋಗಿ. ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ 1896ರಲ್ಲಿ 10 ಪೌಂಡಿಗೆ ಕೊಂಡ ತನ್ನ ಮೊಟ್ಟಮೊದಲ ಕಟ್ಟಡ ಅದು.