ಓದುಗರ ಪ್ರಶ್ನೆಗೆ ಉತ್ತರ: ಮನೆಯಂಗಳದಲ್ಲಿ ಸೀಡರ್

ಪ್ರಶ್ನೆ: ಸೀಡರ್ ಎಂದು ಕೊಂಡುತಂದ ಎರಡು ಸಸಿಗಳು ಒಂದನ್ನೊಂದು ಹೋಲುತ್ತಿಲ್ಲ. ಒಂದರಲ್ಲಿ ಸೂಜಿಯಂಥ ಎಲೆಗಳಿದ್ದರೆ, ಇನ್ನೊಂದರ ಎಲೆ ಮೀನಿನ ಹುರುಪೆಯಂತೆ ರೆಂಬೆಗೆ ಅಂಟಿಕೊಂಡಿದೆ. ನಿಜವಾದ ಸೀಡರ್ ಯಾವುದು?

ಉತ್ತರ: ಸೂಜಿಯೆಲೆಗಳು ಮೋಟು ಗೆಣ್ಣಿನ ತುದಿಯಲ್ಲಿ ಕುಚ್ಚಿನಂತೆ ಗುಂಪಾಗಿ ಮೂಡಿದ್ದರೆ ಅದು ಸೀಡ್ರಸ್ ಕುಲಕ್ಕೆ ಸೇರಿದ ನಿಜವಾದ ಸೀಡರ್. ಪಶ್ಚಿಮ ಹಿಮಾಲಯದ ದೇವದಾರು, ಲೆಬನಾನ್ ಸೀಡರ್, ಉತ್ತರ ಆಫ್ರಿಕಾದ ಅಟ್ಲಾಸ್ ಸೀಡರ್ ಮತ್ತು ಸೈಪ್ರಸ್ ದ್ವೀಪದ ಸೀಡರ್ ಈ ಕುಲದವು. ಹುರುಪೆಯೆಲೆಯ ಸಸಿ ಬಹುಶಃ ಥುಜಾ ಅಥವಾ ಜುನಿಪರ್ ಆಗಿರಬೇಕು. ಮರದ ಪರಿಮಳದಿಂದಾಗಿ ಅವಕ್ಕೂ ಸೀಡರ್ ಎಂಬ ಹೆಸರು ಅಂಟಿಕೊಂಡಿದೆ. ಬೇಲಿಯಾಗಿ ಬೆಳೆಸಿ ಕತ್ತರಿಸಲು ಥುಜಾ ಒಪ್ಪುತ್ತದೆ, ದೇವದಾರು ಒಪ್ಪುವುದಿಲ್ಲ. ಪೂರ್ವದ ಕೆಂಪು ಸೀಡರ್ ಎಂದು ಕರೆಯುವ ಜುನಿಪರ್ ನಿಮ್ಮದಾಗಿದ್ದರೆ ಅದನ್ನು ಸೇಬಿನ ಗಿಡದ ಬಳಿ ನೆಡಬೇಡಿ, ಏಕೆಂದರೆ ಒಂದು ಬಗೆಯ ತುಕ್ಕುರೋಗದ ಶಿಲೀಂಧ್ರವು ತನ್ನ ಜೀವನಚಕ್ರದ ಅರ್ಧವನ್ನು ಇದರಲ್ಲಿ ಕಳೆದರೆ ಉಳಿದರ್ಧವನ್ನು ಸೇಬಿನ ಮೇಲೆ ಕಳೆಯುತ್ತದೆ.

ಪ್ರಶ್ನೆ: ಮನೆಯ ಗೋಡೆಯಿಂದ 3 ಮೀಟರ್ ದೂರದಲ್ಲಿ ದೇವದಾರು ನೆಡಬಹುದೇ?

ಉತ್ತರ: ಬೇಡ. ತನ್ನ ಕಾಡಿನಲ್ಲಿ 40ರಿಂದ 50 ಮೀಟರ್ ಎತ್ತರಕ್ಕೇರುವ ಈ ಮರವು ತೋಟದಲ್ಲಿ ಅಷ್ಟು ಬೆಳೆಯದಿದ್ದರೂ, ಅದರ ಕೆಳಗೊಂಬೆಗಳು ಸುತ್ತಲೂ ಹರಡಿ ನೆಲದತ್ತ ಬಾಗುತ್ತವೆ. ಆ ಕೆಳಗೊಂಬೆಗಳೇ ಅದರ ಚೆಲುವು. ಗೋಡೆಗೆ ತಾಗಿತೆಂದು ಒಂದೊಂದನ್ನೇ ಕಡಿಯುತ್ತ ಹೋದರೆ ಕೊನೆಗೆ ಉಳಿಯುವುದು ತಲೆಯ ಮೇಲೆ ಒಂದಿಷ್ಟು ಹಸಿರು ಹೊತ್ತ ಕಂಬ ಮಾತ್ರ. ಕನಿಷ್ಠ 8 ಮೀಟರ್ ತೆರವು ಇಲ್ಲದಿದ್ದರೆ ಕುಬ್ಜ ತಳಿಯೊಂದನ್ನು ಆರಿಸಿಕೊಳ್ಳುವುದೇ ಸರಿ.

ಜಾಗ ಸಿಕ್ಕರೆ ಮೊದಲು ಮಣ್ಣನ್ನು ಪರೀಕ್ಷಿಸಿ. ಒಂದು ಅಡಿ ಆಳದ ಗುಂಡಿಗೆ ನೀರು ತುಂಬಿದಾಗ ಮರುದಿನವೂ ಅದು ನಿಂತಿದ್ದರೆ, ಅಲ್ಲಿ ದಿಬ್ಬ ಏರಿಸಿ ನೆಡಬೇಕು ಇಲ್ಲವೇ ಬೇರೆ ಜಾಗ ನೋಡಬೇಕು. ಗುಂಡಿಯು ಬೇರುಗಡ್ಡೆಯ ಎರಡರಿಂದ ಮೂರು ಪಟ್ಟು ಅಗಲವಿರಲಿ, ಆದರೆ ಬೇರುಗಡ್ಡೆಗಿಂತ ಆಳವಾಗುವುದು ಬೇಡ, ಏಕೆಂದರೆ ಕಾಂಡವು ಬೇರಾಗಿ ಅಗಲಗೊಳ್ಳುವ ಭಾಗ ಮಣ್ಣಿನಡಿ ಹೂತುಹೋದರೆ ಅಲ್ಲಿಂದಲೇ ಕೊಳೆತ ಆರಂಭವಾಗಬಹುದು. ಒಣ ಎಲೆ ಅಥವಾ ತೊಗಟೆಚೂರಿನ 5ರಿಂದ 8 ಸೆಂಟಿಮೀಟರ್ ದಪ್ಪದ ಹೊದಿಕೆಯನ್ನು ಬುಡದಿಂದ ಒಂದು ಗೇಣು ಬಿಟ್ಟು ಹಾಸಿ.

ಪ್ರಶ್ನೆ: ನಾಲ್ಕು ವರ್ಷದ ದೇವದಾರುವಿನ ಎಲೆಗಳು ಹಳದಿಯಾಗಿ ಉದುರುತ್ತಿವೆ. ನೀರು ಹೆಚ್ಚಿಸಿದರೂ ನಿಲ್ಲುತ್ತಿಲ್ಲ. ಏನು ಮಾಡಲಿ?

ಉತ್ತರ: ಎಲೆ ಯಾವ ಕಡೆಯಿಂದ ಉದುರುತ್ತಿದೆ ಎಂಬುದನ್ನು ನೀವು ಬರೆದಿಲ್ಲ, ರೋಗನಿರ್ಣಯವೆಲ್ಲ ಅದರಲ್ಲೇ ಅಡಗಿದೆ. ನಿತ್ಯಹಸಿರು ಮರವೆಂದರೆ ಎಲೆ ಉದುರಿಸದ ಮರವಲ್ಲ, ಎಲ್ಲ ಎಲೆಗಳನ್ನೂ ಒಟ್ಟಿಗೆ ಉದುರಿಸದ ಮರ. ಒಂದೊಂದು ಸೂಜಿಯೆಲೆಗೂ ಕೆಲವೇ ವರ್ಷಗಳ ಆಯುಸ್ಸು. ಆದ್ದರಿಂದ ಕಾಂಡದ ಸಮೀಪ, ಒಳಗಿನ ಹಳೆಯ ಎಲೆಗಳು ಮಾತ್ರ ಹಳದಿಯಾಗಿ, ತುದಿಯ ಚಿಗುರು ಹಸಿರಾಗಿದ್ದರೆ ನೀವು ಮಾಡಬೇಕಾದದ್ದು ಏನೂ ಇಲ್ಲ.

ತುದಿಗಳೇ ಕಂದುತ್ತಿದ್ದರೆ ಮಾತ್ರ ಚಿಂತಿಸಬೇಕು. ಇಲ್ಲೊಂದು ಮೋಸವಿದೆ: ನೀರಿಲ್ಲದೆ ಬಾಡಿದ ಮರವೂ ನೀರು ಹೆಚ್ಚಾಗಿ ಬೇರು ಕೊಳೆತ ಮರವೂ ಮೇಲ್ನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ, ಏಕೆಂದರೆ ಕೊಳೆತ ಬೇರಿಗೆ ನೀರಿದ್ದರೂ ಅದನ್ನು ಹೀರುವ ಶಕ್ತಿಯಿರುವುದಿಲ್ಲ. ಬಾಡಿದ್ದನ್ನು ಕಂಡೊಡನೆ ಇನ್ನಷ್ಟು ನೀರು ಸುರಿಯುವವರೇ ಹೆಚ್ಚು, ಮರವನ್ನು ಮುಗಿಸುವುದೂ ಆ ಕಾಳಜಿಯೇ. ಹೊದಿಕೆ ಸರಿಸಿ 10 ಸೆಂಟಿಮೀಟರ್ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಅದು ಹಸಿಯಾಗಿ ಅಂಟಿಕೊಂಡರೆ ನೀರನ್ನು ಇಂದೇ ನಿಲ್ಲಿಸಿ. ಪುಡಿಯಾಗಿ ಉದುರಿದರೆ ಕೊಂಬೆಗಳ ಹರವಿನಡಿಯಲ್ಲಿ ಆಳಕ್ಕಿಳಿಯುವಂತೆ ನಿಧಾನವಾಗಿ ನೀರುಣಿಸಿ. ನೆಟ್ಟ ಮೊದಲ ಎರಡು ಮೂರು ವರ್ಷಗಳಲ್ಲಿ ಮಳೆಯಿಲ್ಲದಾಗ ವಾರಕ್ಕೊಮ್ಮೆ ಹೀಗೆ ಉಣಿಸಬೇಕು, ಬೇರು ಇಳಿದ ಮರಕ್ಕೆ ದೀರ್ಘ ಬರದಲ್ಲಿ ಮಾತ್ರ ಸಾಕು. ಸೂಜಿಯೆಲೆಯ ಮರಗಳು ತಮ್ಮ ಸಂಕಟವನ್ನು ತಡವಾಗಿ ತೋರಿಸುತ್ತವೆ, ಹಾಗಾಗಿ ಆರೈಕೆಯ ಫಲವನ್ನು ಮುಂದಿನ ಚಿಗುರಿನಲ್ಲಿ ಹುಡುಕಿ.

ಎಲೆಗಳ ಮೇಲೆ ಮಾಸಲು ಚುಕ್ಕೆಗಳಿದ್ದರೆ ಕೊಂಬೆಯೊಂದನ್ನು ಬಿಳಿ ಹಾಳೆಯ ಮೇಲೆ ತಟ್ಟಿ. ಬಿದ್ದ ಧೂಳಿನ ಕಣಗಳು ಹರಿದಾಡಿದರೆ ಅವು ನುಸಿಗಳು. ಕೊಂಬೆಗಳಿಗೆ ರಭಸದಿಂದ ನೀರು ಹಾಯಿಸಿ ಕೆಲವು ದಿನಗಳಿಗೊಮ್ಮೆ ತೊಳೆಯಿರಿ.

ಪ್ರಶ್ನೆ: ನಮ್ಮ ಮರದ ತುದಿ ಬಾಗಿಹೋಗಿದೆ. ಕೋಲು ಕಟ್ಟಬೇಕೇ, ಕತ್ತರಿಸಬೇಕೇ?

ಉತ್ತರ: ಎರಡೂ ಬೇಡ. ಎಳೆಯ ದೇವದಾರುವಿನ ತುದಿಚಿಗುರು ಬಾಗಿರುವುದು ಅದರ ಜಾತಿಗುಣ, ಬಲಿತಂತೆ ತಾನಾಗಿ ನೆಟ್ಟಗಾಗುತ್ತದೆ. ತುದಿಯನ್ನು ಕಡಿದರೆ ಅಕ್ಕಪಕ್ಕದ ರೆಂಬೆಗಳು ಆ ಸ್ಥಾನಕ್ಕೆ ಪೈಪೋಟಿ ನಡೆಸಿ ಮರ ಕವಲೊಡೆಯುತ್ತದೆ, ಆ ಕವಲು ಮುಂದೆ ಗಾಳಿಗೆ ಸೀಳುವ ಸಂಭವವುಂಟು. ಒಣಗಿದ ಮತ್ತು ಮುರಿದ ಕೊಂಬೆಗಳನ್ನಷ್ಟೇ ಸವರಿ. ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರು ಮೂಡುವುದು ಅಪರೂಪ.

ಪ್ರಶ್ನೆ: ಬೀಜದಿಂದ ಬೆಳೆಸಬಹುದೇ?

ಉತ್ತರ: ಬಹುದು, ಬೀಜ ಹೊಸದಾಗಿದ್ದರೆ. ಒಂದು ದಿನ ನೀರಿನಲ್ಲಿ ನೆನೆಸಿ, ಒದ್ದೆ ಮರಳಿನೊಡನೆ ಮೂರು ವಾರ ಫ್ರಿಜ್ಜಿನಲ್ಲಿಟ್ಟು, ನೀರು ಬಸಿಯುವ ಮಣ್ಣಿನಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಮೊಳಕೆಗಳು ಹೆಚ್ಚಾಗಿ ಸಾಯುವುದು ಬುಡ ಕೊಳೆತು. ಆದ್ದರಿಂದ ಮೇಲ್ಮಣ್ಣು ಆರಿದ ನಂತರವೇ ಮತ್ತೆ ನೀರು ಚಿಮುಕಿಸಿ.